ಸೋಂಕಿತ ಹೃದಯ ಕವಾಟಗಳ ಸಕಾಲಿಕ ಶಸ್ತ್ರಚಿಕಿತ್ಸೆ: ಮನವಿ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಚಾಮರಾಜನಗರ ಜಿಲ್ಲೆ, ಇವರ ಮುಖಾಂತರ)

ವಿಷಯ: ಹೃದಯ ಕವಾಟದ ಸೋಂಕನ್ನು ಚಾಮರಾಜನಗರ, ಗುಂಡ್ಲುಪೇಟೆ ಆಸ್ಪತ್ರೆಗಳಲ್ಲೇ ಗುರುತಿಸಿ ಶಸ್ತ್ರಚಿಕಿತ್ಸೆಗೆ ಕಳುಹಿಸುವ ಕುರಿತು.

ಮಾನ್ಯರೇ,

ರಕ್ತ ಹಿಮ್ಮುಖವಾಗಿ ಹರಿಯದಂತೆ ತಡೆಯುವ ಹೃದಯದ ಕವಾಟಗಳಿಗೆ ಬ್ಯಾಕ್ಟೀರಿಯಾ, ಅಪರೂಪಕ್ಕೆ ಶಿಲೀಂಧ್ರ, ತಗುಲಿ ಬರುವ ಕಾಯಿಲೆಯನ್ನು ವೈದ್ಯರು ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಲ್ಲಿ, ಕೃತಕ ಕವಾಟ ಹಾಕಿಸಿಕೊಂಡವರಲ್ಲಿ ಇದರ ಅಪಾಯ ಹೆಚ್ಚು. ಒಸಡಿನಿಂದಲೋ ಚರ್ಮದ ಹುಣ್ಣಿನಿಂದಲೋ ರಕ್ತಕ್ಕಿಳಿದ ರೋಗಾಣುಗಳು ಕವಾಟದ ಮೇಲೆ ನೆಲೆಯೂರಿ, ಹೆಪ್ಪುಗಟ್ಟಿದ ರಕ್ತದೊಡನೆ ಬೆರೆತು, ವೆಜಿಟೇಷನ್ ಎಂಬ ಗಂಟುಗಳಾಗಿ ಬೆಳೆಯುತ್ತವೆ.

ರಕ್ತನಾಳದ ಮೂಲಕ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೊಡುವ ಆಂಟಿಬಯಾಟಿಕ್ ಇದರ ಮೊದಲ ಚಿಕಿತ್ಸೆ. ಆದರೆ ಕವಾಟ ಸೋರಿ ಹೃದಯ ಸೋತಾಗ, ಕವಾಟದ ಬುಡದಲ್ಲಿ ಕೀವು ಕಟ್ಟಿದಾಗ, ಗಂಟಿನ ಚೂರು ಮಿದುಳಿಗೆ ಹಾರಿ ಲಕ್ವ ಹೊಡೆಯುವ ಭಯವಿದ್ದಾಗ ಮದ್ದೊಂದೇ ಸಾಲದು. ಸೋಂಕಿತ ಭಾಗವನ್ನು ಕತ್ತರಿಸಿ ತೆಗೆದು, ಸಾಧ್ಯವಿದ್ದರೆ ಕವಾಟವನ್ನು ರಿಪೇರಿ ಮಾಡಿ, ಇಲ್ಲವಾದರೆ ಲೋಹದ ಅಥವಾ ಪ್ರಾಣಿಜನ್ಯ ಕವಾಟ ಕೂರಿಸಬೇಕಾಗುತ್ತದೆ. ಸೋಂಕು ಆರುವ ಮುನ್ನ ಕತ್ತರಿ ಹಾಕಬಾರದೆಂಬ ಅಳುಕನ್ನು 1965ರಲ್ಲೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಇಂಥದೊಂದು ಶಸ್ತ್ರಚಿಕಿತ್ಸೆಯಿಂದ ಮುರಿದರು.

ಮನವಿದಾರರು ಗುಂಡ್ಲುಪೇಟೆಯಲ್ಲಿ ಹೃದಯ ಶಸ್ತ್ರಚಿಕಿತ್ಸಾ ಘಟಕ ಕೇಳುತ್ತಿಲ್ಲ. ಎರಡೂ ಪಟ್ಟಣಗಳಿಂದ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ರೋಗಿ ಅಲ್ಲಿಗೆ ಯಾವ ಸ್ಥಿತಿಯಲ್ಲಿ ತಲುಪುತ್ತಾನೆ ಎಂಬುದು ಮಾತ್ರ ಊರಿನ ಆಸ್ಪತ್ರೆಯಲ್ಲೇ ನಿರ್ಧಾರವಾಗುತ್ತದೆ. ಜ್ವರವೆಂದೊಡನೆ ಹಾಕುವ ಆಂಟಿಬಯಾಟಿಕ್ ಇಂಜೆಕ್ಷನ್ ಜ್ವರವನ್ನು ನಾಲ್ಕು ದಿನ ಅಡಗಿಸಬಹುದು, ಆದರೆ ರೋಗಾಣುವನ್ನು ಕೊಲ್ಲದೆ ಅದರ ಗುರುತನ್ನಷ್ಟೇ ಅಳಿಸಿಬಿಡಬಹುದು. ಆದ್ದರಿಂದ ಕವಾಟದ ದೋಷವಿರುವ ಯಾರೇ ಜ್ವರವೆಂದು ಬಂದರೂ, ಮದ್ದಿಗೆ ಮೊದಲು ಬೇರೆ ಬೇರೆ ಕಡೆಯಿಂದ ಮೂರು ಬಾರಿ ರಕ್ತ ತೆಗೆದು, ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕಳುಹಿಸುವಂತೆ ಇಲಾಖೆ ಲಿಖಿತ ಆದೇಶ ಹೊರಡಿಸಬೇಕು. ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಗಂಟು ಕಂಡರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಶಿಫಾರಸು ಪತ್ರವೂ ಆಂಬುಲೆನ್ಸ್ ಕೂಡ ಅದೇ ದಿನ ದೊರೆಯಬೇಕು.

ಲೋಹದ ಕವಾಟವಿದ್ದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು, ಅದರ ಪ್ರಮಾಣ ಗೊತ್ತುಮಾಡಲು ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಇಷ್ಟಕ್ಕಾಗಿ ಮೈಸೂರಿನ ಬಸ್ಸು ಹತ್ತುವವರು ಅಂದಿನ ಕೂಲಿಯನ್ನು ಬಿಡಬೇಕು. ಕೂಲಿ ಬಿಡಲಾಗದವರು ಪರೀಕ್ಷೆಯನ್ನೇ ಬಿಡುತ್ತಾರೆ. ಈ ಪರೀಕ್ಷೆ ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ನಡೆಯಬೇಕು.

ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಅದು ಮರುಕಳಿಸಿ ಕವಾಟ ಕೆಡದಂತೆ ಮೂರು ವಾರಕ್ಕೊಮ್ಮೆ ಬೇಕಾದ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಬಿಳಿಗಿರಿರಂಗನ ಬೆಟ್ಟದ ಮತ್ತು ಬಂಡೀಪುರದ ಅಂಚಿನ ಸೋಲಿಗರ, ಜೇನುಕುರುಬರ ಹಾಡಿಗಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಂದೂ ಖಾಲಿಯಾಗದಂತೆ ದಾಸ್ತಾನಿರಬೇಕೆಂದೂ ಕೋರಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಹೃದ್ರೋಗಿಗಳು ಹಾಗೂ ಅವರ ಕುಟುಂಬದವರ ಪರವಾಗಿ ಮನವಿದಾರರು