ಧಕ್ಕೆ ಯಾರದು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಕಿರುಪರೀಕ್ಷೆಗಳಲ್ಲಿ ನಾನು ತಪ್ಪದೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಇದೂ ಒಂದು: "ಅಮೆರಿಕವು ಅಲಾಸ್ಕವನ್ನು ಯಾವಾಗ, ಯಾರಿಂದ, ಎಷ್ಟು ಹಣಕ್ಕೆ ಕೊಂಡಿತು?" 1867, ರಷ್ಯಾ, 72 ಲಕ್ಷ ಡಾಲರ್ ಎಂದು ಬರೆದವರಿಗೆ ಪೂರ್ಣ ಎರಡು ಅಂಕ. ಆ ಅಲಾಸ್ಕವನ್ನು ಕಣ್ಣಾರೆ ಕಾಣುವ ಯೋಗ ಕಳೆದ ಬೇಸಗೆಯಲ್ಲಿ ನನಗೂ ನನ್ನ ಪತ್ನಿಗೂ ಒದಗಿತು. ಮಗ ಸಿಯಾಟಲ್‌ನಿಂದ ಹೊರಡುವ ಏಳು ದಿನಗಳ ಹಡಗುಯಾನಕ್ಕೆ ನಮ್ಮಿಬ್ಬರನ್ನೂ ಕರೆದೊಯ್ದಿದ್ದ.

ಹಿಮನದಿಗಳ ವರ್ಣನೆಯನ್ನು ನಾನಿಲ್ಲಿ ಮಾಡಹೊರಟಿಲ್ಲ. ಅದಕ್ಕೆ ಬೇಕಾದ ಭಾಷೆಯೂ ನನ್ನಲ್ಲಿಲ್ಲ, ಚಿತ್ರಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಹೇಳಬೇಕೆನಿಸಿದ್ದು ನಮ್ಮ ಹಡಗು ಒಂದು ಹಗಲು ನಿಂತ ಹೂನಾ ಎಂಬ ಪುಟ್ಟ ಬಂದರೂರಿನ ವಿಷಯ. ಚಿಚಗಾಫ್ ಎಂಬ ದ್ವೀಪದ ಅಂಚಿನಲ್ಲಿರುವ ಈ ಊರಿನ ಜನಸಂಖ್ಯೆ ಸಾವಿರಕ್ಕೂ ಕಡಿಮೆ. ನಮ್ಮ ಹಡಗಿನಲ್ಲಿದ್ದವರೇ ಮೂರು ಸಾವಿರಕ್ಕೆ ಮೇಲೆ! ಊರಿಗಿಂತ ದೊಡ್ಡದಾದ ಅತಿಥಿ ಬೆಳಗಾಗುತ್ತಲೇ ಬಾಗಿಲಿಗೆ ಬಂದು ನಿಂತರೆ ಮನೆಯವರ ಪಾಡೇನು ಎಂಬ ಅಳುಕಿನಿಂದಲೇ ನಾನು ಇಳಿದೆ.

ಹಡಗು ನಿಲ್ಲುವ ಸ್ಥಳದ ಹೆಸರು ಐಸಿ ಸ್ಟ್ರೇಟ್ ಪಾಯಿಂಟ್. 1912ರಲ್ಲಿ ಕಟ್ಟಿದ, ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಅಲ್ಲಿದೆ. ಈಗ ಅಲ್ಲಿ ಮೀನು ತುಂಬುವುದಿಲ್ಲ. ಹಳೆಯ ಯಂತ್ರಗಳನ್ನು ಒಪ್ಪವಾಗಿ ಇರಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಜೊತೆಗೆ ಅಂಗಡಿಗಳಿವೆ. ಬೆಟ್ಟದ ನೆತ್ತಿಯಿಂದ ತಂತಿಗೆ ಜೋತುಬಿದ್ದು ಸರ್ರನೆ ಕೆಳಗಿಳಿಯುವ ಆಟವೂ ಇದೆ. ಬಹುಪಾಲು ಪ್ರಯಾಣಿಕರು ಇಷ್ಟನ್ನೇ ನೋಡಿ, ತಿಂಡಿ ತಿಂದು, ಹಡಗು ಹತ್ತುತ್ತಾರೆ. ಊರು ಇರುವುದು ಅಲ್ಲಿಂದ ಸುಮಾರು ಒಂದೂವರೆ ಮೈಲಿ ದೂರದಲ್ಲಿ. "ಅಪ್ಪಯ್ಯ, ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲವಂತೆ" ಎಂದ ಮಗ. ಮೂವತ್ತು ವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದವನಿಗೆ ಈ ಮಾತು ಹೊಸದಲ್ಲ. ನಮ್ಮೂರಿನ ವಿಷಯದಲ್ಲೂ ಹೊರಗಿನವರು ಇದನ್ನೇ ಹೇಳುತ್ತಿದ್ದರು. ನಾನು ನಡೆದೇ ಹೊರಟೆ.

ಊರು ಸಾಧಾರಣವೇ. ಮರದ ಮನೆಗಳು, ಒಂದೆರಡು ಅಂಗಡಿ, ಎತ್ತರದ ಟೋಟೆಮ್ ಕಂಬಗಳು, ಮೀನುದೋಣಿಗಳು ಒತ್ತೊತ್ತಾಗಿ ನಿಂತ ಒಳಬಂದರು. ಬಲೆ, ಹಗ್ಗ, ಡೀಸೆಲ್, ಮೀನು ಇವುಗಳ ಬೆರಕೆವಾಸನೆ ಮೂಗಿಗೆ ಬಡಿದಾಗ ಕ್ಷಣಕಾಲ ತದಡಿಯ ಧಕ್ಕೆಯಲ್ಲಿಯೇ ನಿಂತಂತಾಯಿತು. ಕಂಬದ ತುದಿಯಲ್ಲಿ ಕಾಗೆಯಂತೆ ನಿಶ್ಚಿಂತೆಯಿಂದ ಕುಳಿತಿದ್ದುದು ಮಾತ್ರ ಬಿಳಿದಲೆಯ ಹದ್ದು.

ಇಲ್ಲಿಯವರು ಟ್ಲಿಂಗಿಟ್ ಜನಾಂಗದವರು. ಇವರ ಪೂರ್ವಿಕರು ಇದ್ದದ್ದು ಇಂದು ಗ್ಲೇಸಿಯರ್ ಬೇ ಎಂದು ಹೆಸರಾಗಿರುವ ಪ್ರದೇಶದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಹಿಮನದಿ ಮುನ್ನುಗ್ಗಿ ಊರುಗಳನ್ನೇ ಅಳಿಸಿದಾಗ ಅವರು ನೀರು ದಾಟಿ ಇಲ್ಲಿ ನೆಲೆಸಿದರು. ಊರಿನ ಹೆಸರಿಗೆ ಬಡಗಣ ಗಾಳಿಯ ಮರೆ ಎಂಬ ಅರ್ಥವಂತೆ. ಹಿಮ ಹಿಂದೆ ಸರಿದ ಮೇಲಾದರೂ ಹಳೆಯ ನೆಲ ಅವರಿಗೆ ಮರಳಲಿಲ್ಲ, 1925ರಲ್ಲಿ ಸರಕಾರ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. 1944ರಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟಿತು. ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೆತ್ತನೆಗಳೂ ಉಡುಗೆಗಳೂ ಅದರೊಡನೆ ಹೋದವು.

ಒಳಬಂದರಿನ ಬಳಿ ಬೆಂಚಿನ ಮೇಲೆ ಕುಳಿತಿದ್ದ, ನನ್ನದೇ ವಯಸ್ಸಿನ ಹೆಂಗಸೊಬ್ಬರನ್ನು ಮಾತನಾಡಿಸಿದೆ. ಇಷ್ಟು ಜನ ಬಂದು ಮುತ್ತಿದರೆ ನಿಮಗೆ ತೊಂದರೆಯಲ್ಲವೇ ಎಂದೆ. ಅವರು ನಕ್ಕು, "ತೊಂದರೆಯೇ. ಆದರೆ ಧಕ್ಕೆ ನಮ್ಮದು" ಎಂದರು.

ಆ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ರಷ್ಯಾ ಮಾರಿದ ನೆಲದಲ್ಲಿ ಟ್ಲಿಂಗಿಟ್ ಮತ್ತು ಹೈಡಾ ಜನರು ತಲತಲಾಂತರದಿಂದ ಬಾಳಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಅವರು ಹೂಡಿದ ದಾವೆಯಲ್ಲಿ ನ್ಯಾಯಾಲಯ ಪರಿಹಾರ ಗೊತ್ತುಮಾಡಿದ್ದು ಮಾರಾಟವಾಗಿ ನೂರೊಂದು ವರ್ಷ ಕಳೆದ ಮೇಲೆ, 1968ರಲ್ಲಿ. ಮೊತ್ತ ಸುಮಾರು 75 ಲಕ್ಷ ಡಾಲರ್. 1867ರ 72 ಲಕ್ಷದ ಪಕ್ಕದಲ್ಲಿ ಇದನ್ನಿಟ್ಟು ನೋಡಿ! 1971ರಲ್ಲಿ ಬಂದ ಕಾಯಿದೆಯು ಅಲಾಸ್ಕದ ಮೂಲನಿವಾಸಿಗಳಿಗೆ 4 ಕೋಟಿ 40 ಲಕ್ಷ ಎಕರೆ ನೆಲವನ್ನು ಕೊಟ್ಟು, ಅದನ್ನು ನಡೆಸಲು ಅವರದೇ ಕಂಪನಿಗಳನ್ನು ಕಟ್ಟಿಸಿತು. ಹೂನಾ ಊರಿನದು ಹೂನಾ ಟೋಟೆಮ್ ಕಾರ್ಪೊರೇಷನ್. ಹಳೆಯ ಕಾರ್ಖಾನೆಯ ಸ್ಥಳವನ್ನು ಕೊಂಡು 2004ರಲ್ಲಿ ಪ್ರವಾಸಿ ಹಡಗುಗಳಿಗೆ ತೆರೆದದ್ದು ಇದೇ ಕಂಪನಿ.

ಆದ್ದರಿಂದ ಇಂಥ ಊರುಗಳಿಗೆ ಹಡಗು ಬರಬೇಕೇ ಬಾರದೇ ಎಂಬ ವಾದಕ್ಕಿಂತ, ಹಡಗು ಬಂದು ತಗಲುವ ಧಕ್ಕೆ ಯಾರದು ಎಂಬುದೇ ಮೊದಲ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಧಕ್ಕೆ ಊರಿನದಾದರೆ ಎಷ್ಟು ಹಡಗು, ಯಾವ ಅಂಗಡಿ, ಯಾರಿಗೆ ಕೆಲಸ ಎಂಬ ಮಾತನ್ನು ಊರಿನವರು ಕುಳಿತು ಆಡಬಹುದು, ಬೇಕಾದರೆ ಜಗಳವನ್ನೂ ಆಡಬಹುದು. ಬೇರೆಯವರದಾದರೆ ಊರಿಗೆ ಉಳಿಯುವುದು ಕಸ ಹಾಗೂ ಸದ್ದು. ತದಡಿಯಲ್ಲಿ ದೊಡ್ಡ ಬಂದರಿನ ಮಾತು ವರ್ಷಗಳಿಂದ ಕೇಳಿಬಂದಿದೆ. ಬೇಕು, ಬೇಡ ಎಂಬವರನ್ನು ಕಂಡಿದ್ದೇನೆ, ಅದರಲ್ಲಿ ಮೀನುಗಾರರ ಪಾಲೆಷ್ಟು ಎಂದು ಕೇಳಿದವರನ್ನು ಹೆಚ್ಚಾಗಿ ಕಂಡಿಲ್ಲ.

ಹೂನಾದ್ದು ನಿರ್ದುಷ್ಟ ವ್ಯವಸ್ಥೆಯೆಂದು ನಾನು ಹೇಳುತ್ತಿಲ್ಲ. ಆ ಕಾಯಿದೆಯಂತೆ ಪಾಲು ಸಿಕ್ಕಿದ್ದು 1971ರ ಡಿಸೆಂಬರ್ 18ರೊಳಗೆ ಹುಟ್ಟಿದ್ದವರಿಗೆ. ಅನಂತರದವರಿಗೆ ಅದು ತಾನಾಗಿ ದೊರೆಯುವುದಿಲ್ಲ, ಹಿರಿಯರಿಂದ ಬರಬೇಕು, ಇಲ್ಲವೆ ಪಾಲುದಾರರು ಮತ ಹಾಕಿ ಕೊಡಬೇಕು. ಕಂಪನಿಯೂ ಊರೂ ಒಂದೇ ಅಲ್ಲ ಎಂಬುದನ್ನು ಆ ಹೆಂಗಸೇ ನನಗೆ ತಿಳಿಸಿದರು. ಅವರ ಮೊಮ್ಮಗ ಪ್ರವಾಸಿಗರಿಗೆ ಕಾರ್ಖಾನೆ ತೋರಿಸುವ ಕೆಲಸದಲ್ಲಿದ್ದಾನೆ. ಅಕ್ಟೋಬರಿನಲ್ಲಿ ಹಡಗು ನಿಂತರೆ ಕೆಲಸವೂ ನಿಲ್ಲುತ್ತದೆ.

"ನೀವು ಏನು ಮಾಡುತ್ತಿದ್ದಿರಿ?" ಎಂದು ಅವರು ಕೇಳಿದರು. ಮೇಷ್ಟ್ರಾಗಿದ್ದೆ, ಅಲಾಸ್ಕದ ಪಾಠವನ್ನೂ ಮಾಡಿದ್ದೇನೆ ಎಂದೆ. "ನಮ್ಮ ವಿಷಯ ಏನು ಹೇಳುತ್ತಿದ್ದಿರಿ?" ಎಂದು ಕುತೂಹಲದಿಂದಲೇ ಕೇಳಿದರು. ಹಡಗಿನ ಸಮಯವಾಯಿತೆಂದು ಹೇಳಿ ಎದ್ದುಬಂದೆ. ಸಮಯ ಇನ್ನೂ ಒಂದು ಗಂಟೆಯಿತ್ತು.

ಆ ಪ್ರಶ್ನೆಗೆ ಪೂರ್ಣ ಅಂಕ ಪಡೆದವರು ನಿಮ್ಮಲ್ಲಿ ಬಹಳ ಮಂದಿಯಿದ್ದೀರಿ. ಕೊಟ್ಟ ಅಂಕವನ್ನು ಹಿಂದಕ್ಕೆ ಪಡೆಯುವವನು ನಾನಲ್ಲ. ಪ್ರಶ್ನೆಯನ್ನು ಮಾತ್ರ ತಿದ್ದಿಕೊಳ್ಳಿ.