ಫೋಟೊ ಬಳಸಲು ಕೊಡಿ, ಹಕ್ಕನ್ನೇ ಬರೆದುಕೊಡಬೇಡಿ

ಈಗ ನಮ್ಮ ಮನೆಗಳಲ್ಲಿ ಮೊಬೈಲ್‌ನಲ್ಲೇ ಚಂದದ ಫೋಟೊ ತೆಗೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ದಕ್ಕೆಗೆ ಬರುವ ಬೋಟುಗಳು, ಉಳ್ಳಾಲದ ಕಡಲು, ಮಳೆಗಾಲದ ನೇತ್ರಾವತಿ, ಉಮ್ಮ ಸುಡುವ ಪತ್ತಿರ್ ಎಲ್ಲವೂ ಇನ್‌ಸ್ಟಾಗ್ರಾಂನಲ್ಲಿವೆ. ಅದನ್ನು ನೋಡಿದ ಯಾವುದೋ ಹೋಟೆಲಿನವರೋ ರೆಸಾರ್ಟ್‌ನವರೋ ಮೆಸೇಜ್ ಹಾಕುತ್ತಾರೆ: "ಫೋಟೊ ಲಾಯ್ಕುಂಟು, ನಮ್ಮ ಜಾಹೀರಾತಿಗೆ ಕೊಡ್ತೀರಾ? ನಿಮ್ಮ ಹೆಸರು ಹಾಕ್ತೇವೆ." ಹುಡುಗ ಖುಷಿಯಲ್ಲಿ ಒರಿಜಿನಲ್ ಫೈಲನ್ನೇ ಕಳಿಸಿಬಿಡುತ್ತಾನೆ.

ಹೆಸರು ಹಾಕಿದರೆ ಸಾಕೇ? ಜಾಹೀರಾತು ಡಿಸೈನ್ ಮಾಡಿದವನಿಗೆ, ಫ್ಲೆಕ್ಸ್ ಪ್ರಿಂಟ್ ಮಾಡಿದವನಿಗೆ, ಅದನ್ನು ಕಟ್ಟಿದವನಿಗೆ ದುಡ್ಡು ಸಿಗುತ್ತದೆ. ಫೋಟೊ ತೆಗೆದವನಿಗೆ ಮಾತ್ರ ಬರೀ ಶಹಬ್ಬಾಸ್ ಅಂದರೆ ಅದು ನ್ಯಾಯವಲ್ಲ. ಹವ್ಯಾಸಿ ಎಂದ ಮಾತ್ರಕ್ಕೆ ಹಕ್ಕು ಕಡಿಮೆಯಾಗುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವರೇ ಸಾಮಾನ್ಯವಾಗಿ ಅದರ ಮೊದಲ ಹಕ್ಕುದಾರರು. ಅದಕ್ಕೆ ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ಆದರೆ ಮದುವೆಗೋ ಅಂಗಡಿಗೋ ಯಾರಾದರೂ ಹಣ ಕೊಟ್ಟು ತೆಗೆಸಿದ ಫೋಟೊ ಬೇರೆ ಮಾತು. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ತೆಗೆಸಿದವರದ್ದು.

ವ್ಯಾಪಾರ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿ ಕೋಣೆಯನ್ನು ಬಾಡಿಗೆಗೆ ಕೊಡುವುದು ಬೇರೆ, ರಿಜಿಸ್ಟರ್ ಮಾಡಿಕೊಡುವುದು ಬೇರೆ. ಫೋಟೊ ಕೂಡ ಹಾಗೆಯೇ. ಒಂದು ಕ್ಯಾಲೆಂಡರ್‌ಗೆ, ಒಂದು ವರ್ಷಕ್ಕೆ ಎಂದು ಅನುಮತಿ ಕೊಟ್ಟರೆ ನಾಳೆ ಇನ್ನೊಬ್ಬರಿಗೂ ಕೊಡಬಹುದು. ಹಕ್ಕನ್ನೇ ಬರೆದುಕೊಟ್ಟರೆ ಮುಗಿಯಿತು, ನಮ್ಮದೇ ಫೋಟೊ ಬಳಸಲು ನಾವೇ ಅವರನ್ನು ಕೇಳಬೇಕು.

ಹಕ್ಕು ವರ್ಗಾಯಿಸಲು ಸಹಿ ಇರುವ ಬರಹ ಬೇಕೇ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಅದಕ್ಕೇ ಬುದ್ಧಿವಂತ ಕಂಪೆನಿಗಳು "ಎಲ್ಲ ಹಕ್ಕುಗಳು, ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದು ಮೊದಲೇ ಬರೆಸಿಕೊಂಡು ಬರುತ್ತವೆ. ಆ ಸಾಲು ಕಂಡರೆ ಪೆನ್ನು ಕೆಳಗಿಡಿ. ಎಲ್ಲಿ, ಎಷ್ಟು ದಿನ, ಯಾವುದಕ್ಕೆ, ಎಷ್ಟು ಹಣ ಎಂಬ ನಾಲ್ಕು ಮಾತು ಬರಹದಲ್ಲಿ ಇರಲಿ. ಪೂರ್ತಿ ಹಕ್ಕೇ ಬೇಕೆಂದರೆ ಅದಕ್ಕೆ ತಕ್ಕ ಬೆಲೆ ಕೇಳಿ. ಒರಿಜಿನಲ್ ಫೈಲ್ ಮಾತ್ರ ಅಳಿಸಬೇಡಿ, ನಾಳೆ ತಕರಾರು ಬಂದರೆ ಅದೇ ಸಾಕ್ಷಿ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಫೋಟೊ ನಮ್ಮದಾದರೂ ಅದರಲ್ಲಿರುವ ಮುಖ ನಮ್ಮದಲ್ಲ. ಮೀನು ಮಾರುವ ಅಕ್ಕ, ಬಲೆ ಹೆಣೆಯುವ ಕಾಕ, ಮೆಹಂದಿಯ ದಿನ ನಗುತ್ತಾ ಕುಳಿತ ಮದುಮಗಳು ನಮ್ಮನ್ನು ನಂಬಿ ಕ್ಯಾಮರಾ ಮುಂದೆ ನಿಂತವರು. ಸೋಪಿನ ಪ್ಯಾಕೆಟ್ ಮೇಲೆ ಬರುತ್ತೇನೆಂದು ಅವರು ಒಪ್ಪಿದ್ದಲ್ಲ. ಜಾಹೀರಾತಿಗೆ ಕೊಡುವ ಮೊದಲು ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಮಕ್ಕಳಾದರೆ ತಂದೆ ತಾಯಿಯದ್ದು. ಬಂದ ದುಡ್ಡಿನಲ್ಲಿ ಅವರಿಗೂ ಒಂದು ಪಾಲು ಕೊಡಿ. ಅವರು ಬೇಡ ಅಂದರೆ ಎಷ್ಟೇ ಹಣ ಬರುವುದಿದ್ದರೂ ಆ ಫೋಟೊ ಮಾರಾಟಕ್ಕಿಲ್ಲ.