ಊರ ಕಲ್ಲುಗಳನ್ನು ಕುರಿತು ಮಕ್ಕಳು ಕೇಳಿದಾಗ

ನಮ್ಮ ಬಾಲಿಕೆಯರು ದಿಲ್ಲಿಯ ಬಾದಶಹರ ಹೆಸರುಗಳನ್ನು ಕ್ರಮವಾಗಿ ಹೇಳಬಲ್ಲರು. ತಮ್ಮ ಊರಿನ ಹಿಂದಣ ಸಂಗತಿಯನ್ನು ಕೇಳಿದರೆ ಮೌನವಾಗುವರು. ಇದು ಅವರ ತಪ್ಪಲ್ಲ, ಹೇಳಿಕೊಡದ ಹಿರಿಯರಾದ ನಮ್ಮದು.

ಸುರಪುರ ಸೀಮೆಯ ರಾಜನಕೋಳೂರೆಂಬ ಸಣ್ಣ ಗ್ರಾಮವನ್ನು ನೋಡಿರಿ. ಅಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಪುರಾತನ ಶಿಲಾಸಮಾಧಿಗಳಿವೆ. ಜನರು ಇವನ್ನು ಮೋರೇರ ಮನೆಗಳೆಂದು ಕರೆದು, ಕುಳ್ಳರಾದ ಒಂದು ಜನಾಂಗವು ಇಲ್ಲಿ ವಾಸಿಸಿತೆಂದು ಹೇಳುತ್ತ ಬಂದರು. ೧೮೪೧ರಿಂದ ೧೮೫೩ರ ವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬರು ಇವನ್ನು ಅಳೆದು ಬರೆದುಕೊಂಡರು. ಇಂಥವೇ ಕಲ್ಲುಮನೆಗಳು ಐರ್ಲೆಂಡ್ ಮುಂತಾದ ದೇಶಗಳಲ್ಲಿಯೂ ಉಂಟಷ್ಟೆ! ೧೮೬೦ರ ದಶಕದಲ್ಲಿ ಅವರು ಡಬ್ಲಿನ್ ನಗರದ ರಾಯಲ್ ಐರಿಷ್ ಅಕಾಡೆಮಿಗೆ ನಮ್ಮ ಸೀಮೆಯ ಈ ಕಲ್ಲುಗಳ ವರ್ಣನೆಯನ್ನು ಒಪ್ಪಿಸಿದರು. ಇವು ಸಿಥಿಯನ್ನರ ಕಾರ್ಯವೆಂಬ ಅವರ ಊಹೆಯು ಈಗ ನಿಂತಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟ ಬರಹವು ನಿಂತಿದೆ.

ಆದುದರಿಂದ ಊರಿನ ಚರಿತ್ರೆಗೆ ಮೊದಲು ಬೇಕಾದುದು ಪಾಂಡಿತ್ಯವಲ್ಲ, ಜಾಗರೂಕತೆ. ಇದು ಪರೀಕ್ಷೆಗೆ ಬಾರದ ವಿಷಯವೆಂದು ಕೆಲವು ತಂದೆತಾಯಿಗಳು ಹೇಳಬಹುದು. ಆದರೆ ಅಜ್ಜಿಯು ತೀರಿಕೊಂಡ ಮೇಲೆ ಆಕೆಯ ಮಾತನ್ನು ಯಾವ ಗ್ರಂಥದಲ್ಲಿ ಹುಡುಕೋಣ? ಚಪ್ಪಡಿಯು ಯಾರದೋ ಗೋಡೆಗೆ ಸೇರಿದ ಮೇಲೆ ಅದನ್ನು ಎಲ್ಲಿ ಅಳೆಯೋಣ?

ಪ್ರಿಯ ಸೋದರಿಯರೇ, ತವರೂರು, ಸೇರಿದ ಊರು ಎಂದು ನಿಮಗೆ ಎರಡೆರಡು ಊರುಗಳುಂಟು. ಅಲ್ಲಿಯ ಬಾವಿ, ಕೆರೆ, ಶಾಸನ, ಹಿರಿಯರ ಹೇಳಿಕೆ ಇವನ್ನು ಹೇಳಿದವರ ಹೆಸರು ಮತ್ತು ತಾರೀಖು ಸಹಿತ ಬರೆದು ಶಾಲೆಗೆ ಕಳುಹಿಸಿರಿ. ಯೆಹೋಶುವನು ಯೊರ್ದನಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ನಿಲ್ಲಿಸಿದ್ದು, ಮುಂದೆ ಮಕ್ಕಳು ಕೇಳಿದಾಗ ಹೇಳಬೇಕೆಂದೇ ಅಲ್ಲವೇ? ನಮ್ಮ ಮಕ್ಕಳು ಕೇಳುವ ದಿನ ನಾವು ನಿರುತ್ತರರಾಗದಿರೋಣ.